ಏಳು ಗಂಟೆಯ ರೊಟ್ಟಿ

ಸಹಾಯ ಮಾಡುವ ಗಂಡಸಿನಷ್ಟು ಅಪಾಯಕಾರಿ ಪ್ರಾಣಿ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಇದನ್ನು ನಾನು ಐವತ್ತಾರನೆಯ ವಯಸ್ಸಿನಲ್ಲಿ, ಬಿಬವೇವಾಡಿಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ, ಸ್ವಂತ ಅನುಭವದಿಂದ ಕಂಡುಕೊಂಡೆ. ಹೆಂಡತಿ ಸುನಂದಾಳಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದ ದಿನದಿಂದ ನಾನು ಸಹಾಯಕ್ಕೆ ಟೊಂಕ ಕಟ್ಟಿ ನಿಂತುಬಿಟ್ಟೆ. ಅವಳು ಕೈ ಚಾಚುವ ಮೊದಲೇ ನೀರಿನ ಲೋಟ ಅವಳ ಬಾಯಿಯ ಹತ್ತಿರ ಇರುತ್ತಿತ್ತು. ಸೆರಗಿಗೆ ಪಿನ್ನು ಹುಡುಕುವಷ್ಟರಲ್ಲಿ ನಾನು ಚುಚ್ಚಿಯಾಗಿರುತ್ತಿತ್ತು, ಒಮ್ಮೊಮ್ಮೆ ಸೆರಗಿಗೂ.

ಕೊನೆಗೆ ರೊಟ್ಟಿಯ ವಿಷಯಕ್ಕೂ ಕೈ ಹಾಕಿದೆ. ಬಾಗಲಕೋಟೆ ಕಡೆಯಿಂದ ಈ ಮರಾಠಿ ಊರಿಗೆ ಬಂದು ನೆಲೆಸಿದ ನಮಗೆ ಜೋಳದ ರೊಟ್ಟಿಯಿಲ್ಲದ ಊಟ ಊಟವಲ್ಲ, ತಿಂಡಿ. ಸುನಂದಾ ರೊಟ್ಟಿ ಬಡಿಯುವ ಸದ್ದು ಕೇಳಿ ಕೆಳಗಿನ ಮನೆಯ ಮರಾಠಿ ಕಾಕೂ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲವಿತ್ತು. ಈಗ ಆ ಸದ್ದು ನಿಧಾನವಾಗಿ, ತಡೆತಡೆದು, ನಡುವೆಯೇ ನಿಂತುಬಿಡುತ್ತಿತ್ತು. ರೊಟ್ಟಿ ಬಿರಿಯುತ್ತಿತ್ತು. ನಾನು ಅವಳನ್ನು ಕೇಳದೆಯೇ ಅಡುಗೆಗೆ ಒಬ್ಬ ಮಾವಶಿಯನ್ನು, ಅಂದರೆ ಕೆಲಸದ ಹೆಂಗಸನ್ನು, ಗೊತ್ತುಮಾಡಿ, ಮುಂದಿನ ಸೋಮವಾರದಿಂದ ಬರಲು ಹೇಳಿ, ಏನೋ ಸಾಧಿಸಿದವನಂತೆ ಮನೆಗೆ ಬಂದೆ.

“ನನ್ನ ಕೇಳಿದ್ರೇನ್ರಿ?” ಎಂದಳು ಸುನಂದಾ.

“ನಿನಗ ತ್ರಾಸ ಆಗಬಾರದಂತ...”

“ತ್ರಾಸ ನಂದದ, ನನ್ನ ಕಡೆನ ಇರ್ಲಿ. ರವಿವಾರದ ತನಕ ಟೈಮ್ ಕೊಡ್ರಿ. ಒಂದ ರೊಟ್ಟಿ ಒಡೀಲಾರದ ಹಂಚಿನ ಮ್ಯಾಲ ಹೋತಂದ್ರ ನಿಮ್ಮ ಮಾವಶಿಗೆ ಬ್ಯಾಡಂತ ಹೇಳ್ರಿ. ಹೋಗಲಿಲ್ಲಂದ್ರ ಹಿಟ್ಟಿನ ಪರಾತ, ಹಂಚು, ಒಲಿ, ಎಲ್ಲಾ ಆಕೀದ. ನಾ ಒಳಗ ಕಾಲಿಡೂದಿಲ್ಲ.”

ಅವಳು ಕಾಲಿಡದ ಅಡುಗೆಮನೆಯನ್ನು ನೆನೆಸಿಕೊಂಡು ನಾನು ತಕ್ಷಣ ಒಪ್ಪಿಕೊಂಡುಬಿಟ್ಟೆ.

ಅಭ್ಯಾಸ ಶುರುವಾಯಿತು, ಬೆಳಿಗ್ಗೆ ಏಳಕ್ಕೆ. ನಾನು ಎಂಟೂಕಾಲಿಗೆ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಸ್ಟೋರ್ಸಿಗೆ ಹೊರಡುವವನು. ಇಪ್ಪತ್ತೆಂಟು ವರ್ಷಗಳಿಂದ ನಮ್ಮಲ್ಲಿ ರೊಟ್ಟಿ ಎಂದರೆ ಏಳು ಗಂಟೆ. ದಿನದ ಮೊದಲ ಗುಳಿಗೆ ಎಂಟಕ್ಕೆ. ಮಂಗಳವಾರ ಎರಡು ರೊಟ್ಟಿ ಒಡೆದವು, ಬುಧವಾರ ಮೂರು. ಗುರುವಾರ ಹಿಟ್ಟಿನ ಮೇಲಿಟ್ಟ ಕೈ ಏಳಲೇ ಇಲ್ಲ. “ಇನ್ನೊಮ್ಮೆ, ಇನ್ನೊಮ್ಮೆ” ಎಂದು ನಾನು ಬೆನ್ನ ಹಿಂದೆ ನಿಂತು ಹುರಿದುಂಬಿಸುತ್ತಿದ್ದೆ. ಶಾಲೆಯಲ್ಲಿ ನನಗೆ ಗಣಿತ ಕಲಿಸಿದ್ದು ಹೀಗೆಯೇ. ಅದು ಇವತ್ತಿಗೂ ನನಗೆ ಬರುವುದಿಲ್ಲ ಎಂಬುದು ಆಗ ಹೊಳೆಯಬಾರದಿತ್ತೇ?

ಶುಕ್ರವಾರ ಸದಾಶಿವ ಪೇಠೆಯಲ್ಲಿ ಡಾಕ್ಟರ ಭೇಟಿ ಇತ್ತು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾವ ದಿನ ಎಷ್ಟು ರೊಟ್ಟಿ, ಎಲ್ಲೆಲ್ಲಿ ಬಿರುಕು ಎಂದು ನಾನು ಬರೆದಿಟ್ಟಿದ್ದನ್ನು ಪೂರ್ತಿ ಓದಿದರು. ಆಮೇಲೆ ಮರಾಠಿಯಲ್ಲಿ ಸಾವಕಾಶ ಹೇಳಿದರು: “ಕಾಕಾ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ಡೋಪಮೈನ್ ಅಂದರೆ ಕೈಕಾಲು ಓಡಿಸುವ ಎಣ್ಣೆ ಮಾತ್ರ ಅಲ್ಲ. ‘ಇದು ಸರಿಹೋಯಿತು, ಮತ್ತೆ ಮಾಡು’ ಎಂದು ಮೆದುಳಿಗೆ ಕಲಿಸುವುದರಲ್ಲೂ ಅದರ ಪಾಲಿದೆ. ಗುಳಿಗೆಗೆ ಮುಂಚೆ, ಅದು ತಳ ಕಂಡಿರುವ ಹೊತ್ತಿನಲ್ಲಿ ಮಾಡಿಸಿದರೆ, ‘ಇದರ ತಂಟೆಗೇ ಹೋಗಬೇಡ’ ಎಂಬುದನ್ನೇ ಮೆದುಳು ಕಲಿಯಬಹುದು. ಗುಳಿಗೆಯ ಪರಿಣಾಮ ಶುರುವಾದ ಮೇಲೆ ಮಾಡಿಸಿ. ಏಳಕ್ಕೇ ಏಕೆ?”

ಉತ್ತರ ಕೊಟ್ಟವಳು ಸುನಂದಾ, ಸ್ವಚ್ಛ ಮರಾಠಿಯಲ್ಲಿ: “ಹ್ಯಾಂಚಾ ಡಬಾ ಅಸತೋ ನಾ!” ಇವರ ಡಬ್ಬಿ ಇರುತ್ತದಲ್ಲ! ಅಂದರೆ, ‘ನಿನ್ನಿಂದ ಆಗದು’ ಎಂಬ ಪಾಠವನ್ನು ಮೂರು ದಿನ ಕರಾರುವಾಕ್ಕಾಗಿ ಹೇಳಿಕೊಟ್ಟ ಮೇಷ್ಟ್ರು ನಾನೇ. ಶನಿವಾರ ತೆಪ್ಪಗೆ ಡಬ್ಬಿಗೆ ಬ್ರೆಡ್ಡು ತುಂಬಿಕೊಂಡು ಹೋದೆ.

ರವಿವಾರ ಎಂಟಕ್ಕೆ ಗುಳಿಗೆ. ಒಂಬತ್ತಕ್ಕೆ ಸುನಂದಾ ಪರಾತದ ಮುಂದೆ ನಿಂತಳು. ನಾನು ಬಾಗಿಲಿನಿಂದ ಈಚೆ ಇರಬೇಕು, ಬಾಯಿ ತೆರೆಯಬಾರದು ಎಂದು ಕರಾರು. ಮೊದಲನೆಯದು ಒಡೆಯಿತು. ನನ್ನ ಬಲಗೈ ನೆರವಿಗೆ ಎದ್ದಿತು, ಎಡಗೈಯಿಂದ ಹಿಡಿದುಕೊಂಡೆ. ಎರಡನೆಯದು ತಪತಪ ಎಂದು ತಿರುಗಿತು, ನಿಂತಿತು, ನನ್ನ ಉಸಿರೂ ನಿಂತಿತು, ಮತ್ತೆ ತಿರುಗಿತು. ಹಳೆಯ ವೇಗವಲ್ಲ. ಆದರೆ ಇಡಿಯಾಗಿ ಹಂಚಿಗೆ ಹೋಯಿತು, ಚೆಂಡಿನಂತೆ ಉಬ್ಬಿತು.

“ಮಾವಶಿಗೆ ಫೋನ್ ಹಚ್ರಿ,” ಎಂದಳು.

ಹಚ್ಚಿ, ಕ್ಷಮೆ ಕೇಳಿ, ಇಟ್ಟೆ. ತಿರುಗಿ ನೋಡಿದರೆ ಪರಾತದಲ್ಲಿ ಇನ್ನೂ ಆರು ಉಂಡೆ ಹಿಟ್ಟು, ಸುನಂದಾ ಕುರ್ಚಿಯಲ್ಲಿ.

“ಇವು?”

“ನಾ ಒಂದ ಅಂದಿದ್ದೆ. ಉಳಿದದ್ದು ನೀವ ಬಡೀರಿ. ನಿಮಗೇನ್ ಕಡಿಮಿ ಅದ? ಡೋಪಮೈನ್ ತುಂಬಿ ತುಳಕ್ಯಾಡ್ತದ.”

ನನ್ನ ಮೊದಲ ರೊಟ್ಟಿ ಹಂಚು ತಲುಪುವಷ್ಟರಲ್ಲಿ ಮೂರು ಪಾಲಾಯಿತು. ಎರಡನೆಯದು ಒಂದೇ ತುಂಡಾಗಿ ಹೋಯಿತು, ಆದರೆ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಹಾಸಿಗೆ. ಸುನಂದಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಭಾಳ ಛಲೋ ಆಗ್ಯದ್ರಿ,” ಎಂದಳು. ಈ ಕಾಯಿಲೆಯಲ್ಲಿ ಮನಸ್ಸಿನಲ್ಲಿದ್ದದ್ದು ಮುಖಕ್ಕೆ ಬೇಗ ಬರುವುದಿಲ್ಲ; ಹಾಗಾಗಿ ಅದು ಹೊಗಳಿಕೆಯೋ ಕುಚೇಷ್ಟೆಯೋ ತಿಳಿಯುವ ದಾರಿಯೇ ಇಲ್ಲ. ಯಾವುದಿರಬಹುದು ಎಂದು ನಾನಿನ್ನೂ ವಿಚಾರ ಮಾಡುತ್ತಿದ್ದೆ. ನನ್ನ ಕೈ ಮಾತ್ರ ಆಗಲೇ ಮೂರನೆಯ ಉಂಡೆ ಎತ್ತಿಕೊಂಡಿತ್ತು.