ಅಣವೀರಪ್ಪನವರ ಏಕೈಕ ಅಪ್ಪಣೆ

ಮುಂಬಯಿಯ ಮಲಾಡಿನ ಅಣವೀರಪ್ಪನವರ ಮಾತಿಗೆ ಅವರ ಮನೆಯಲ್ಲಿ ಬೆಲೆಯೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಬೆಲೆ ಇತ್ತು, ಆದರೆ ಅದು ಮಸೂದೆಗಿರುವ ಬೆಲೆ. ಮಂಡಿಸಬಹುದು, ಚರ್ಚಿಸಬಹುದು, ಹುಕಿ ಬಂದರೆ ಮೇಜನ್ನೂ ಕುಟ್ಟಬಹುದು. ಶಾಸನವಾಗಬೇಕಾದರೆ ಮಾತ್ರ ಅಡಿಗೆಮನೆಯಿಂದ ಅಂಕಿತ ಬೀಳಬೇಕು. "ಟೀವಿ ಬಂದ್ ಮಾಡ್ರಿ" ಎಂದು ಅವರು ಗುಡುಗಿದರೆ, ಹತ್ತನೆಯ ತರಗತಿಯ ಮಗಳು ಶೀತಲ ಮತ್ತು ಏಳನೆಯ ತರಗತಿಯ ಮಗ ಶರಣ ತಿರುಗಿ ನೋಡುತ್ತಿದ್ದದ್ದು ಅಪ್ಪನನ್ನಲ್ಲ, ಅಡಿಗೆಮನೆಯ ಬಾಗಿಲನ್ನು.

"ಮಮ್ಮೀ, ಪಪ್ಪಾ ಟೀವಿ ಬಂದ್ ಅಂತಾರ. ಕರೂಂ ಕ್ಯಾ?"

ಒಳಗಿನಿಂದ "ಹ್ಞೂಂ" ಎಂದು ಬಂದರೆ ಟೀವಿ ಆರುತ್ತಿತ್ತು. ಬಾರದಿದ್ದರೆ ಅಣವೀರಪ್ಪನವರೂ ಕುಳಿತು ನೋಡುತ್ತಿದ್ದರು.

ಹಾಗೆಂದು ಅವರ ಹೆಂಡತಿ ಶಿವಕುಮಾರಿಯವರು ಜಗಳಗಂಟಿಯಲ್ಲ. ದೇವರು ದಿಂಡರು, ಮನೆ ಮಕ್ಕಳು ಎಂದು ತಮ್ಮ ಪಾಡಿಗೆ ತಾವಿರುವ ಹೆಣ್ಣುಮಗಳು. ಆದರೆ ಹುಟ್ಟಿ ಬೆಳೆದದ್ದು ಸಿಂದಗಿ ಕಡೆಯ ಹಳ್ಳಿಯಲ್ಲಿ, ಹೊಲದ ಆ ತುದಿಯಲ್ಲಿದ್ದವರನ್ನು ಈ ತುದಿಯಿಂದ ಊಟಕ್ಕೆ ಕರೆದು ರೂಢಿಯಾದ ದನಿ ಅದು. ಮಲಾಡಿನ ಬಿಲ್ಡಿಂಗಿನ ಐದನೆಯ ಮಹಡಿಯಿಂದ ಅವರು "ಶರಣಾ" ಎಂದರೆ ಕೆಳಗೆ ಕ್ರಿಕೆಟ್ ಆಡುತ್ತಿದ್ದ ಎಲ್ಲ ಜಾತಿ, ಎಲ್ಲ ಭಾಷೆಯ ಹುಡುಗರೂ ತಂತಮ್ಮ ಮನೆಗೆ ಹೋಗುತ್ತಿದ್ದರು.

ಅಣವೀರಪ್ಪನವರಿಗೆ ರಾಜ್ಯ ಬೇಕಿರಲಿಲ್ಲ. ಜೀವಮಾನದಲ್ಲಿ ಒಮ್ಮೆ, ಒಂದೇ ಒಂದು ಸಲ, ತಾವು ಹೇಳಿದ್ದನ್ನು ಮಕ್ಕಳು ತಾಯಿಯ ಮುಖ ನೋಡದೆ ಮಾಡಬೇಕು. ಅವರ ಆಸೆ ಅಷ್ಟೇ.

ಶಿವಕುಮಾರಿಯವರಿಗೆ ಶ್ರಾವಣ ಸೋಮವಾರದ ಮೌನವ್ರತವಿತ್ತು. ಬೆಳಗ್ಗೆ ಎದ್ದಾಗಿನಿಂದ ಸಂಜೆ ದೇವರ ಮುಂದೆ ದೀಪ ಹಚ್ಚುವ ತನಕ ಮಾತಿಲ್ಲ. ಸನ್ನೆ ಇಲ್ಲ. ಚೀಟಿ ಬರೆಯುವುದೂ ಇಲ್ಲ (ಅದು ಕೈಯಿಂದ ಮಾತಾಡಿದಂತೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು). ಮದುವೆಯಾದಂದಿನಿಂದ ಒಂದು ಸೋಮವಾರವೂ ತಪ್ಪಿರಲಿಲ್ಲ. ಶರಣ ಹುಟ್ಟಿದ್ದು ಶ್ರಾವಣ ಸೋಮವಾರ. ಹೆರಿಗೆ ಕೋಣೆಯಲ್ಲಿ ಕೂಗಿದ್ದು ಶರಣನೊಬ್ಬನೇ.

ಆ ವರ್ಷ ಆಗಸ್ಟ್ ಹದಿನೈದು ಸೋಮವಾರ ಬಂತು. ಕ್ಯಾಲೆಂಡರಿನ ಮುಂದೆ ನಿಂತಿದ್ದ ಅಣವೀರಪ್ಪನವರಿಗೆ ರೋಮಾಂಚನವಾಯಿತು. ರಜೆ, ಮೌನ, ಸ್ವಾತಂತ್ರ್ಯ, ಮೂರೂ ಒಂದೇ ಚೌಕದಲ್ಲಿ! ಆಫೀಸಿನ ಸುಕೇಶ್ ಕೋಲಾಡಿನ ಕುಂಡಲಿಕಾ ನದಿಯಲ್ಲಿ ರಾಫ್ಟಿಂಗ್ ಮಾಡಿ ಬಂದು ವರ್ಣಿಸುತ್ತಿದ್ದದ್ದು ನೆನಪಾಯಿತು. ರಬ್ಬರ್ ದೋಣಿ, ಭೋರ್ಗರೆವ ನೀರು, ಹುಟ್ಟು ಹಿಡಿದು ಮುಂದೆ ಕುಳಿತ ತಂದೆ, ಹಿಂದೆ ಅವನನ್ನು ಅನುಸರಿಸುವ ಮಕ್ಕಳು.

ಮಸೂದೆ ಮಂಡಿಸಿದ್ದು ಹಿಂದಿನ ಸೋಮವಾರ, ಶಿವಕುಮಾರಿಯವರು ಮೌನದಲ್ಲಿದ್ದಾಗ. "ಬರೋ ಸೋಮವಾರ ರಾಫ್ಟಿಂಗ್ ಹೋಗೋಣಂತ. ಯಾರದರ ವಿರೋಧ ಐತೇನು?" ಎಂದು ಮನೆಯೆಲ್ಲ ಕೇಳುವಂತೆ ಕೇಳಿದರು. ಮಕ್ಕಳು ಕುಣಿದರು. ಅಡಿಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹಾಕಿತು. ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು.

ಆ ಸಂಜೆ ದೀಪ ಹಚ್ಚಿದ ಮೇಲೆ ಶಿವಕುಮಾರಿಯವರ ಬಾಯಿ ಬಿಚ್ಚಿತು.

"ಏನ್ರೀ, ನನ್ನ ಬಾಯಿ ಕಟ್ಟಿದ ದಿನಾನ ನೋಡಿ ಕೇಳೀರಲ್ಲ, ಶ್ಯಾಣ್ಯಾ ಆಗೀರಿ ಬಿಡ್ರಿ."

"ಛೇ ಛೇ, ಹಂಗೇನಿಲ್ಲ. ರಜಾ ಅವತ್ತ ಐತಿ."

"ಹೋಗೂಣಂತ. ಹುಡುಗರಿಗೆ ಆಸೆ ಹಚ್ಚೀರಿ. ಆದ್ರ ನಾ ಮೌನ ಮುರಿಯಂಗಿಲ್ಲ, ಮೊದಲ ಹೇಳೀನಿ."

"ಮುರೀಬ್ಯಾಡ! ಏನ ಆದ್ರೂ ಮುರೀಬ್ಯಾಡ! ನಿನ್ನ ವ್ರತ ಕಾಯೂದು ನನ್ನ ಧರ್ಮ."

ಶಿವಕುಮಾರಿಯವರು ಗಂಡನನ್ನು ಒಂದು ಕ್ಷಣ ದಿಟ್ಟಿಸಿದರು. ಇಷ್ಟು ಧರ್ಮ ಅವರಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಸೋಮವಾರ ನಸುಕಿನಲ್ಲೇ ಶಿವಕುಮಾರಿಯವರು ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ತುಟಿ ಮುಚ್ಚಿ ಬಾಡಿಗೆ ಕಾರಿನಲ್ಲಿ ಕುಳಿತರು. ಪನವೇಲ್ ದಾಟುವವರೆಗೆ ಅಣವೀರಪ್ಪನವರ ಆಡಳಿತ ಸುಗಮವಾಗಿತ್ತು, ಯಾಕೆಂದರೆ ಮಕ್ಕಳು ಮಲಗಿದ್ದರು. ಹೆದ್ದಾರಿಯ ಹೊಟೇಲೊಂದರ ಮುಂದೆ ಕಾರು ನಿಂತಾಗ ಅವರು ಮೊದಲ ಆಜ್ಞೆ ಹೊರಡಿಸಿದರು.

"ಎಲ್ಲಾರೂ ಮಿಸಳ್ ಪಾವ್ ತಿನ್ನೋಣು."

ಮಕ್ಕಳು ತಾಯಿಯ ಮುಖ ನೋಡಿದರು. ತಾಯಿ ಕಿಟಕಿಯಾಚೆ ಮಂಜು ಹೊದ್ದ ಗುಡ್ಡ ನೋಡುತ್ತಿದ್ದರು.

"ಮಮ್ಮಿ ಕುಛ್ ಬೋಲೀ ನಹೀಂ," ಎಂದ ಶರಣ. "ಮತಲಬ್, ಬ್ಯಾಡ."

"ಅಲ್ಲೋ, ಅಕಿ ಇವತ್ತು ಹೆಂಗ ಮಾತಾಡ್ತಾಳ? ನಾ ಹೇಳಾಕತ್ತೀನಿ."

"ಅದಕ್ಕ ಪಪ್ಪಾ," ಎಂದಳು ಶೀತಲ ತಾಳ್ಮೆಯಿಂದ, ಸಣ್ಣವರಿಗೆ ಹೇಳುವ ಹಾಗೆ. "ನೀವು ಹೇಳಿದ್ದು ಪೆಂಡಿಂಗ್ ಐತಿ."

ಶಿವಕುಮಾರಿಯವರು ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೂವರ ಮುಂದೆ ಇಟ್ಟರು. (ಅವರಿಗೆ ಉಪವಾಸ.) ಅಣವೀರಪ್ಪನವರು ಮಿಸಳಿನ ವಾಸನೆಯನ್ನು ನೆಂಚಿಕೊಂಡು ರೊಟ್ಟಿ ತಿಂದರು.

ಕೋಲಾಡಿನಲ್ಲಿ ನದಿ ಇನ್ನೂ ಬಂದಿರಲಿಲ್ಲ. ಮೇಲಿನ ಅಣೆಕಟ್ಟಿನಿಂದ ಬೆಳಗ್ಗೆ ಹೊತ್ತಿಗೆ ಸರಿಯಾಗಿ ನೀರು ಬಿಡುತ್ತಾರಂತೆ, ಆಮೇಲೆ ದೋಣಿ ಹೊರಡುವುದು. ನಳಕ್ಕೆ ಕಾದು ಬದುಕಿದ ಮಲಾಡಿನವರಿಗೆ ಈ ನದಿಯ ಸ್ವಭಾವ ಕೂಡಲೇ ಅರ್ಥವಾಯಿತು. ದಂಡೆಯ ಮೇಲೆ ಧ್ವಜ ಏರಿತು. ರಾಷ್ಟ್ರಗೀತೆಗೆ ಅಣವೀರಪ್ಪನವರು ಎಲ್ಲರಿಗಿಂತ ಎತ್ತರದ ದನಿ ತೆಗೆದರು, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಅಷ್ಟರಲ್ಲಿ ನೀರು ಬಂತು. ಶಿವಕುಮಾರಿಯವರು ಅದಕ್ಕೆ ಒಂದು ಚಿಟಿಕೆ ಕುಂಕುಮ, ಎರಡು ಸೇವಂತಿಗೆ ಹಾಕಿ ಕೈಮುಗಿದು, ವಿಭೂತಿಯ ಮೇಲೆ ಹೆಲ್ಮೆಟ್ ಧರಿಸಿದರು.

ಗೈಡ್ ಚೇತನ ಎಂಬ ಗಟ್ಟಿಮುಟ್ಟಾದ ಯುವಕ. ಫಾರ್ವರ್ಡ್ ಎಂದರೆ ಮುಂದಕ್ಕೆ ಹುಟ್ಟು ಹಾಕಬೇಕು, ಬ್ಯಾಕ್ ಎಂದರೆ ಹಿಂದಕ್ಕೆ, ಸ್ಟಾಪ್ ಎಂದರೆ ಸುಮ್ಮನಿರಬೇಕು ಎಂದು ಕಲಿಸಿ, ಕೊನೆಗೆ ಹೇಳಿದ: "ಬೋಟ್ ಮೇಂ ಏಕ್ ಹೀ ಆವಾಜ್ ಚಲೇಗೀ. ಮೇರೀ."

ಅಣವೀರಪ್ಪನವರಿಗೆ ದೋಣಿಯಲ್ಲಿ ಅವನದೊಂದೇ ದನಿ ನಡೆಯಬೇಕೆಂಬುದು ಇಷ್ಟವಾಗಲಿಲ್ಲ, ಆದರೆ ಮುಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ಶೀತಲ, ಹಿಂದೆ ಶಿವಕುಮಾರಿಯವರು ಮತ್ತು ಶರಣ, ಎಲ್ಲರ ಹಿಂದೆ ದೋಣಿ ನಡೆಸುವ ಚೇತನ.

ಮೊದಲ ಸೆಳವು ಬಂತು. "ಬ್ಯಾಕ್!" ಎಂದು ಚೇತನ ಕೂಗಿದ. ಅಣವೀರಪ್ಪನವರು ಹುಟ್ಟನ್ನು ಗಾಳಿಯಲ್ಲಿ ಹಿಡಿದು, ಕತ್ತು ತಿರುಗಿಸಿ ಹೆಂಡತಿಯ ಮುಖ ನೋಡಿದರು. ಬೇಕೆಂದು ಮಾಡಿದ್ದಲ್ಲ. ಯಾರಾದರೂ ಏನಾದರೂ ಮಾಡೆಂದರೆ ಅವರ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು. ಶೀತಲಳ ಕತ್ತೂ ತಿರುಗಿತು. ದೋಣಿಯೂ ತಿರುಗಿತು.

"ಕಾಕಾ! ಪೀಛೇ ಕ್ಯಾ ದೇಖತೇ ಹೋ? ನದೀ ಆಗೇ ಹೈ!"

ನದಿ ಮುಂದಿತ್ತು, ನಿಜ. ಆದರೆ ಅಣವೀರಪ್ಪನವರ ಸಂಸಾರ ಹಿಂದಿತ್ತಲ್ಲ. ದೋಣಿ ಎರಡು ಸುತ್ತು ಸುತ್ತಿ ನಿಂತ ಮೇಲೆ ಚೇತನನಿಗೆ ರೋಗ ತಿಳಿಯಿತು. ಮದ್ದೂ ಹೊಳೆಯಿತು. ಶಿವಕುಮಾರಿಯವರನ್ನು ಮುಂದೆ, ಗಂಡನ ಎಡಕ್ಕೆ ಕೂಡಿಸಿ, ಮಕ್ಕಳಿಬ್ಬರನ್ನೂ ಹಿಂದಕ್ಕೆ ಹಾಕಿದ. ಈಗ ಅಣವೀರಪ್ಪನವರು ಹಿಂದೆ ನೋಡುವುದು ನಿಂತಿತು. ಪಕ್ಕಕ್ಕೆ ನೋಡತೊಡಗಿದರು.

ಹೀಗೆ ಪ್ರತಿ ಆಜ್ಞೆಗೂ ಅಂಕಿತ ಹುಡುಕುತ್ತ, ಸಿಗದೆ, ತಡವಾಗಿ ಹುಟ್ಟು ಹಾಕುತ್ತ ಹೋಗುತ್ತಿರುವಾಗ ನದಿಯ ನಟ್ಟನಡುವೆ ದೋಣಿ ಒಂದು ಬಂಡೆ ಏರಿ ಕುಳಿತುಬಿಟ್ಟಿತು. ಬಲಗಡೆ ಬಂಡೆಯ ಮೇಲೆ, ಎಡಗಡೆ ನೀರಿನಲ್ಲಿ. ಸುತ್ತ ಬಿಳಿ ನೊರೆ, ಕಿವಿ ಮುಚ್ಚುವ ಭೋರ್ಗರೆತ.

"ಸಬ್ ಲೆಫ್ಟ್ ಮೇಂ ಆವೋ! ಜಲ್ದೀ! ಲೆಫ್ಟ್!"

ಭಾರ ಎಡಕ್ಕೆ ಬಿದ್ದರೆ ದೋಣಿ ಜಾರುತ್ತದೆ. ಇದು ಎಲ್ಲರಿಗೂ ತಿಳಿದಿತ್ತು. ಯಾರೂ ಅಲುಗಲಿಲ್ಲ. ಮಕ್ಕಳು ಹಿಂದಿನಿಂದ ತಾಯಿಯ ಹೆಲ್ಮೆಟ್ಟನ್ನೇ ನೋಡುತ್ತಿದ್ದರು. ತಾಯಿ ಕಣ್ಣು ಗಟ್ಟಿಯಾಗಿ ಮುಚ್ಚಿ ಮನಸ್ಸಿನೊಳಗೆ ಶಿವನನ್ನು ನೆನೆಯುತ್ತಿದ್ದರು.

"ಶಿವಕುಮಾರಿ," ಅಣವೀರಪ್ಪನವರು ಬಾಗಿ ಬೇಡಿಕೊಂಡರು. "ಒಂದ ಮಾತು. ಸಣ್ಣದು. 'ಹ್ಞೂಂ' ಅನ್ನು, ಸಾಕು!"

ಶಿವಕುಮಾರಿಯವರ ತುಟಿ ಇನ್ನಷ್ಟು ಬಿಗಿಯಾಯಿತು. ಚೇತನ ಹಿಂದಿನಿಂದ ಕೂಗುತ್ತಲೇ ಇದ್ದ. ದೋಣಿ ಒಮ್ಮೆ ಕಿರ್ರೆಂದು ವಾಲಿತು.

ಆಗ ಅಣವೀರಪ್ಪನವರ ಬಾಯಿ ತೆರೆಯಿತು. ಹೆದರಿಕೆಗೆ ದನಿ ಹೆಣ್ಣುದನಿಯಷ್ಟು ಸಣ್ಣಗಾಗಿತ್ತು, ಮತ್ತು ಇಷ್ಟು ವರ್ಷ ಕಿವಿಯೊಳಗೆ ಹೋಗಿ ಕೂಡಿಬಿದ್ದದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ಶೀತಲಾ! ಶರಣಾ! ಎಷ್ಟ ಸಲ ಹೇಳಬೇಕ ನಿಮಗ? ಎದ್ದು ಎಡಕ್ಕ ಬರ್ತೀರೋ, ಇಲ್ಲಾ ನಾನೇ ಬರಲೋ ಅಲ್ಲಿಗೆ?"

ದಂಡೆಯ ಮರದಿಂದ ಎರಡು ಬೆಳ್ಳಕ್ಕಿ ಹಾರಿದವು. ಎಲ್ಲರೂ ಎಡಕ್ಕೆ ಬಿದ್ದರು. ಮಾತು ಮುಗಿಯುವ ಮೊದಲೇ ಅಣವೀರಪ್ಪನವರ ಸ್ವಂತ ದೇಹ ಎಡಕ್ಕೆ ನೆಗೆದು ಹೆಂಡತಿಯ ಮಡಿಲಲ್ಲಿತ್ತು. ದೋಣಿ ಬಂಡೆಯಿಂದ ಜಾರಿ, ನೀರಿಗಿಳಿದು, ಬಾಣದಂತೆ ಓಡಿತು.

"ಕ್ಯಾ ಆವಾಜ್ ಹೈ!" ಎಂದು ಚೇತನ ಹಿಂದಿನಿಂದ ಕೂಗಿದ. ಅಣವೀರಪ್ಪನವರು ಮುಂದೆ ನೋಡುತ್ತಲೇ ಕೈಯೆತ್ತಿ ಅಭಿನಂದನೆ ಸ್ವೀಕರಿಸಿದರು.

ಮರಳಿ ಬರುವಾಗ ದಾರಿಯುದ್ದಕ್ಕೂ ಅವರು ತಮ್ಮ ಗೆಲುವನ್ನು ಮೆಲುಕು ಹಾಕುತ್ತಿದ್ದರು. ಮಕ್ಕಳು ತಾವು ಹೇಳಿದ್ದನ್ನು ಕೇಳಿದ್ದರು, ಕೇಳಿ ಎದ್ದಿದ್ದರು. ಇನ್ನು ಸಂಜೆ ದೀಪ ಹಚ್ಚಿದ ಮೇಲೆ ಶಿವಕುಮಾರಿಯ ಬಾಯಿಂದಲೇ ಒಂದು ಮೆಚ್ಚುಗೆಯ ಮಾತು ಬಂದರೆ ಸಾಕು. ಹಿಂದಿನ ಸೀಟಿನಲ್ಲಿ ಮಕ್ಕಳು ಏನೋ ಪಿಸುಗುಡುತ್ತಿದ್ದದ್ದು, ಶಿವಕುಮಾರಿಯವರ ಮುಖ ಬಾಡಿದ್ದು, ಅವರ ಗಮನಕ್ಕೆ ಬರಲಿಲ್ಲ.

ಮನೆಗೆ ಬಂದು, ಮಿಂದು, ಶಿವಕುಮಾರಿಯವರು ದೇವರ ಮುಂದೆ ದೀಪ ಹಚ್ಚಿದರು. ದಿನದ ಮೊದಲ ಮಾತು ಹೊರಬಿತ್ತು.

"ಶಿವನೇ, ತಪ್ಪಾತು. ನನ್ನ ವ್ರತ ಮುರೀತು."

ಅಣವೀರಪ್ಪನವರು ಸೋಫಾದಿಂದ ಎದ್ದರು. "ಏನ್ ಮುರೀತು? ನೀ ಎಲ್ಲಿ ಮಾತಾಡ್ದಿ?"

"ದೋಣ್ಯಾಗ. ಬಾಯಿ ತಪ್ಪಿ ಬಂತು. ನಾ ಕಣ್ಣು ಮುಚ್ಚಿ ಕುಂತಿದ್ದೆ, ನನ್ನ ದನೀನ ನನ್ನ ಕಿವ್ಯಾಗ ಬಿತ್ತು."

"ಏ ಹುಚ್ಚಿ! ಅದು ನಾನು! ನಾ ಒದರಿದ್ದು!"

ಮಕ್ಕಳು ಅಪ್ಪನನ್ನು ಮರುಕದಿಂದ ನೋಡಿದರು.

"ಪಪ್ಪಾ, ಝೂಟ್ ಬ್ಯಾಡ," ಎಂದ ಶರಣ. "ಮಮ್ಮಿಯ ವ್ರತ ಬಚಾವ್ ಮಾಡಾಕ ಹೇಳ್ತೀರಿ. ಗುಡ್ ಆಫ್ ಯೂ. ಆದ್ರ ನಾನು ಕೇಳೀನಿ. 'ನಾನೇ ಬರಲೋ ಅಲ್ಲಿಗೆ' ಅಂದ್ರು. ವೋ ತೋ ಮಮ್ಮೀ ಕಾ ಡೈಲಾಗ್ ಹೈ."

"ಮಮ್ಮಿದ ಇರಲಿ! ಹೇಳಿದಾಂವ ನಾನು! ಕೇಳ್ರಿ ಬೇಕಾದ್ರ." ಅಣವೀರಪ್ಪನವರು ಹಾಲಿನ ನಡುವೆ ನಿಂತು, ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡರು. ಆದರೆ ಇಲ್ಲಿ ಬಂಡೆ ಇರಲಿಲ್ಲ, ನೊರೆ ಇರಲಿಲ್ಲ, ಎದುರಿಗೆ ಹೆಂಡತಿ ಕಣ್ಣು ಬಿಟ್ಟು ನಿಂತಿದ್ದರು. "ಶೀತಲಾ... ಶರಣಾ... ಎದ್ದು ಎಡಕ್ಕ... ಬರ್ತೀರೇನು?"

ಶೀತಲ ಸೋಫಾದ ಮೇಲೆ ಕಾಲು ಚಾಚಿಕೊಂಡಳು. ಶರಣ ತಾಯಿಯ ಕಡೆ ನೋಡಿದ.

"ನೋಡ್ರಿ," ಎಂದರು ಶಿವಕುಮಾರಿಯವರು ಮೆಲ್ಲಗೆ. "ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ. ದೇವರ ಮುಂದ ಒಪ್ಪಿಕೊಂಡ್ರ ಮುಗೀತು."

"ಸುಳ್ಳಲ್ಲ! ಆಣಿ ಮಾಡ್ತೀನಿ! ನಾನ ಹೇಳಿದೆ, ಹುಡುಗರು ನನ್ನ ಮಾತು ಕೇಳಿದ್ರು!"

"ಪಪ್ಪಾ, ಒಂದು ಕೇಳಲಾ?" ಎಂದಳು ಶೀತಲ. "ಅವಾಗ ಎಲ್ಲಾರಕಿಂತ ಪೆಹಲೇ ಎಡಕ್ಕ ಜಂಪ್ ಮಾಡಿದ್ದು ಯಾರು?"

ಅಣವೀರಪ್ಪನವರು ನೆನಪು ಮಾಡಿಕೊಂಡರು. "ನಾನು."

"ನಿಮ್ಮದೇ ಆವಾಜ್ ಆದ್ರ ನೀವು ಯಾಕ ಅಷ್ಟು ಹೆದರಿದ್ರಿ?"

ಅಣವೀರಪ್ಪನವರು ಸೋಫಾದ ಮೇಲೆ ಮತ್ತೆ ಕುಳಿತರು. ಆ ಕ್ಷಣವನ್ನು ಮತ್ತೆ ಮತ್ತೆ ನೆನೆದರು. ನೆನೆದಷ್ಟೂ ಕಿವಿಯಲ್ಲಿ ಕೇಳಿಬರುತ್ತಿದ್ದದ್ದು ಹೆಂಡತಿಯ ದನಿಯೇ. ಇರಬಹುದೇ? ಅವರಿಗೇ ಸಂಶಯ ಬಂತು.

ಶಿವಕುಮಾರಿಯವರು ದೇವರಿಗೆ ಇನ್ನೊಮ್ಮೆ ಕೈಮುಗಿದು, ತೀರ್ಪು ಹೇಳಿದರು. "ಇರಲಿ. ಮುಂದಿನ ಸೋಮವಾರದಿಂದ ಮತ್ತ ಮೊದಲಿಂದ ಹಿಡೀತೀನಿ. ಈ ಸಲ ನೀವೂ ನನ್ನ ಜೋಡಿ ಮೌನ ಹಿಡೀರಿ. 'ಒಂದ ಮಾತು, ಒಂದ ಮಾತು' ಅಂತ ನೀವು ಬೆನ್ನ ಹತ್ತಿದ್ದಕ್ಕ ನನ್ನ ಬಾಯಿ ಸಡ್ಲಾತು. ಪ್ರಾಯಶ್ಚಿತ್ತ ಇಬ್ಬರದೂ."

ಅಣವೀರಪ್ಪನವರು ಮಕ್ಕಳ ಕಡೆ ತಿರುಗಿದರು. ಯಾರಾದರೂ ಒಬ್ಬರು ತಮ್ಮ ಪರವಾಗಿ ಮಾತಾಡಬಹುದೆಂದು.

ಶರಣ ಹಣೆ ಗಂಟಿಕ್ಕಿ ಯೋಚಿಸುತ್ತಿದ್ದ. "ಮಮ್ಮೀ, ಒಂದು ಪ್ರಾಬ್ಲಂ ಐತಿ."

"ಏನಪಾ?"

"ಪಪ್ಪಾ ಮೌನದಾಗ ಇದ್ದಾರಂತ ನಮಗ ಹೆಂಗ ಗೊತ್ತಾಗಬೇಕು?"