ನಾಲ್ಕು ಬಟ್ಟಲು ಸೀಮೆಎಣ್ಣೆ

"ಈ ಯುಗಾದಿಯೊಳಗೆ ನಮ್ಮ ಕಾರು ಹೊನ್ನಾಳಿ ಸೇತುವೆ ದಾಟದಿದ್ರೆ ನನ್ನ ಹೆಸರು ಪಂಚಾಕ್ಷರಪ್ಪನೇ ಅಲ್ಲ!"

ನ್ಯಾಮತಿಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಬಾಯಲ್ಲಿದ್ದ ಪಡ್ಡು ಗಂಟಲಿಗಿಳಿಯುವ ಮೊದಲೇ ಪಂಚಾಕ್ಷರಪ್ಪನವರು ಈ ಘೋರ ಪ್ರತಿಜ್ಞೆ ಮಾಡಿದರು.

"ಮತ್ತೆ ಏನಂತ ಕರೀಬೇಕು, ಈಗ್ಲೇ ಹೇಳಿಬಿಡ್ರಿ" ಎಂದರು ಹೆಂಡತಿ ಶಿವಲೀಲಾ. "ಯುಗಾದಿ ಮುಗಿದ ಮಾರನೇ ದಿನ ಗುಜರಿ ಗೋಣೆಪ್ಪಂಗೆ ಬರಾಕೆ ಹೇಳೀನಿ. ಕಾರು ಚಾಲೂ ಆದ್ರೆ ನಿಮ್ದು. ಆಗ್ಲಿಲ್ಲ ಅಂದ್ರೆ ಅವಂದು."

ತಾಯಿ ಸಿದ್ದಲಿಂಗಮ್ಮ ಹಿತ್ತಲಲ್ಲಿ ನೀರೊಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ಪಡಿತರದ ಸೀಮೆಎಣ್ಣೆ ನಿಂತಾಗಿನಿಂದ ಆ ಒಲೆ ಹೊತ್ತಿಸುವುದು ಅವರಿಗೆ ದಿನಬೆಳಗಿನ ಯುದ್ಧ. "ಒಂದು ತೊಟ್ಟು ಎಣ್ಣೆ ತಂದುಕೊಡೋ ಮಗಾ" ಎಂದು ಅವರು ಕೇಳುತ್ತಲೇ ಇದ್ದರು. ಮಗನಿಗೆ ಅಂಥ ಕ್ಷುಲ್ಲಕ ವಿಷಯಗಳಿಗೆ ಪುರುಸೊತ್ತೆಲ್ಲಿ?

ಪಂಚಾಕ್ಷರಪ್ಪನವರು ಬಸ್ ಡಿಪೋದಲ್ಲಿ ಹಾಜರಿ ಗುಮಾಸ್ತರಾಗಿದ್ದವರು. ಇಂಜಿನ್ ಬಿಚ್ಚುವುದನ್ನು ಸೇವಾವಧಿಯುದ್ದಕ್ಕೂ ಕಿಟಕಿಯಿಂದ ನೋಡಿದ್ದರು. ಕೈಗೆ ಎಣ್ಣೆ ಅಂಟಿದ್ದು ಮಾತ್ರ ಕ್ಯಾಂಟೀನಿನ ಬೋಂಡಾದಿಂದ. ಅಂಥವರು ತಮ್ಮ ಹಳೆಯ ಅಂಬಾಸಿಡರಿನಿಂದ ಬಿಚ್ಚಿಸಿ ಒಯ್ದ ಹೆಡ್ಡನ್ನು, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳವನ್ನು, ನೋಡಿ ಚನ್ನಗಿರಿಯ ಗ್ಯಾರೇಜಿನ ಪ್ರವೀಣ್ ಕುಮಾರ್ ಹೇಳಿದ್ದ: "ಸಾರ್, ವಾಲ್ವ್ ಸೀಟು ಸವೆದಾವೆ. ಹೆಡ್ ಬಿಟ್ಟು ಹೋಗ್ರಿ, ಮಷೀನಾಗೆ ಕಟ್ ಮಾಡಿ ಕೊಡ್ತೀನಿ."

ವಾಲ್ವ್ ಎಂದರೆ ಇಂಜಿನ್ನಿನ ಬಾಗಿಲು. ಸೀಟು ಎಂದರೆ ಆ ಬಾಗಿಲು ಕೂರುವ ಚೌಕಟ್ಟು. ಎರಡರ ನಡುವೆ ಉಸಿರಾಡುವಷ್ಟು ಸಂದಿಯಿದ್ದರೂ ಕಾರು ಸಿದ್ದಲಿಂಗಮ್ಮನವರ ಹಾಗೆಯೇ ಕೆಮ್ಮುತ್ತದೆ. ಇಷ್ಟು ಪಂಚಾಕ್ಷರಪ್ಪನವರಿಗೂ ಗೊತ್ತು. ಆದರೆ ಬಿಟ್ಟು ಹೋಗುವುದೇ? ಯಾರ ಕೈಯಲ್ಲಿ? ನಿನ್ನೆ ಮೊನ್ನೆ ಮೀಸೆ ಬಂದವನ ಕೈಯಲ್ಲಿ!

"ಕಲ್ಲಾಗೆ ಮಸೆದ ಸೀಟಿಗೆ ನಿನ್ನ ಮಷೀನು ಸಮ ಆಗ್ತೈತೇನಯ್ಯಾ?" ಎಂದು ಗರ್ಜಿಸಿ, ಸೀದಾ ಜಗಳೂರಿನ ಬಸ್ಸು ಹತ್ತಿದರು. ಅಲ್ಲಿ ಚಿಕ್ಕಹನುಮಂತಪ್ಪ ಎಂಬ ಮುದುಕ ತನ್ನ ಹಳೇ ವರ್ಕ್‌ಶಾಪ್ ಮುಚ್ಚುತ್ತಿದ್ದ. ಅವನಿಂದ ಮರದ ಪೆಟ್ಟಿಗೆಯೊಂದನ್ನು ಖರೀದಿಸಿ, ಮಡಿಲಲ್ಲಿಟ್ಟುಕೊಂಡು, ಕಂಡಕ್ಟರು ಕೇಳಿದರೂ ಕೆಳಗಿಡದೆ, ತಂದರು.

ಪೆಟ್ಟಿಗೆಯಲ್ಲಿ ಸೀಟು ಮಸೆಯುವ ಅಜ್ಜನ ಕಾಲದ ಸಲಕರಣೆ: ತಿರುಗಿಸುವ ಮೋಟಾರು, ವಾಲ್ವಿನ ತೂತಿಗೆ ಇಳಿಸುವ ಪೈಲಟ್ ಕಡ್ಡಿಗಳು, ಬಗೆಬಗೆಯ ಮಸೆಗಲ್ಲುಗಳು, ಆ ಕಲ್ಲುಗಳ ಮುಖವನ್ನೇ ಹದ ಮಾಡಲು ತುದಿಗೆ ವಜ್ರದ ಚೂರು ಕೂರಿಸಿದ ಡ್ರೆಸ್ಸರು. ಪಂಚಾಕ್ಷರಪ್ಪನವರು ಕಡ್ಡಿಗಳನ್ನು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿದರು. ಕಲ್ಲಿಗೆ ಮಾತ್ರ ಎಣ್ಣೆ ಸೋಕಬಾರದೆಂದು ಬೇರೆ ಡಬ್ಬಿಯಲ್ಲಿಟ್ಟರು.

"ಅದು ನನ್ನ ಇಳಕಲ್ ಸೀರೆ ಸೆರಗು!" ಎಂದು ಶಿವಲೀಲಾ ಕಿರುಚಿದರು.

"ಹಳೇದು ಕಣೇ."

"ನೀವೂ ಹಳಬರೇ. ನಿಮ್ಮನ್ನ ಹರಿದೀನಾ? ಅದಿರ್ಲಿ, ಆ ಕಡ್ಡಿ ತುದೀಗೆ ಹೊಳೀತೈತಲ್ಲ, ಏನದು?"

"ವಜ್ರ."

"ನನ್ನ ಮೂಗಿಗೆ ಹರಳು ಕೇಳಿ ಕೇಳಿ ಸಾಕಾತು. ಕಲ್ಲಿಗೆ ವಜ್ರ ತಂದಾರೆ, ಕಲ್ಲಿಗೆ!"

"ಪೆಟ್ಟಿಗೆ ಯಾರೂ ಮುಟ್ಟಬಾರದು! ಅವ್ವಾ, ನಿನಗೂ ಹೇಳೀನಿ!"

ಮೊದಲ ದಿನದ ಕೆಲಸ ಅಮೋಘವಾಗಿ ನಡೆಯಿತು. ಪೈಲಟ್ ಇಳಿಸಿ, ಕಲ್ಲು ಏರಿಸಿ, ಮೋಟಾರನ್ನು ಗುರ್ರೆನ್ನಿಸಿದರು. ಎಂಟು ಸೀಟುಗಳಲ್ಲೂ ಕಾಲುಂಗುರದಂಥ ಸಪೂರ ಹೊಳಪಿನ ಗೆರೆ ಮೂಡಿತು. ಇನ್ನು ಪರೀಕ್ಷೆ. ವಾಲ್ವುಗಳನ್ನು ಕೂರಿಸಿ, ಪ್ಲಗ್ ಬಿಗಿದು, ಹೆಡ್ಡನ್ನು ಹಿತ್ತಲ ಜಗಲಿಯ ಮೇಲೆ ಅಂಗಾತ ಮಲಗಿಸಿದರೆ ತಳದಲ್ಲಿ ಎರಡೆರಡು ವಾಲ್ವಿರುವ ನಾಲ್ಕು ಬಟ್ಟಲಿಟ್ಟಂತೆ ಕಾಣುತ್ತದೆ. ಬಟ್ಟಲಿಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಡಬೇಕು; ಬೆಳಗ್ಗೆ ಅಷ್ಟೇ ಇದ್ದರೆ ಸೀಟು ಪಾಸು. ಅಟ್ಟದ ಮೇಲೆ ಯಾವ ಕಾಲದಿಂದಲೋ ಬಚ್ಚಿಟ್ಟಿದ್ದ ಕ್ಯಾನು ಇಳಿಯಿತು. ಕೆಳಗೆ ಹಳೇ ಪೇಪರ್ ಹಾಸಿದ್ದೂ ಆಯಿತು.

ಬೆಳಗ್ಗೆ ನೋಡಿದರೆ ನೀರೊಲೆಯ ಕಡೆಗಿದ್ದ ಮೊದಲ ಬಟ್ಟಲು ಖಾಲಿ!

"ಮೋಸ!" ಎಂದು ಜಗಳೂರಿಗೆ ಫೋನು ಹೋಯಿತು. "ನಿನ್ನ ಕಲ್ಲು ಸರಿ ಇಲ್ಲ ಕಣಯ್ಯಾ! ಸೀಟು ಸೋರ್ತೈತೆ!"

"ಕಲ್ಲಿನ ಮುಖ ಒಂದ್ಸಲ ವಜ್ರದಾಗೆ ಹದ ಮಾಡ್ಕಳ್ರಿ ಸ್ವಾಮಿ" ಎಂದ ಚಿಕ್ಕಹನುಮಂತಪ್ಪ. "ಆದ್ರೆ ಸೀಟು ಮಸೆಯೋದು ಸ್ವಲ್ಪ ಹಗೂರ ಇರ್ಲಿ. ಕಲ್ಲು ತಿಂದ ಕಬ್ಬಿಣ ತಿರುಗಿ ಬರಲ್ಲ."

ಅವನ ಬುದ್ಧಿವಾದ ಯಾರಿಗೆ ಬೇಕು! ಕಲ್ಲು ಹದವಾಯಿತು, ಸೀಟನ್ನು ಮತ್ತೆ ಮಸೆದದ್ದೂ ಆಯಿತು. ಮರುದಿನವೂ ಅದೇ ಬಟ್ಟಲು ಬತ್ತಿತ್ತು. ಮತ್ತೆ ಮಸೆದರು. ಮತ್ತೆ ಬತ್ತಿತು.

ಶಿವಲೀಲಾ ಬಗ್ಗಿ ನೋಡಿದರು. "ರೀ, ಸೋರಿದ್ರೆ ಕೆಳಗಿನ ಪೇಪರ್ ನೆನೀಬೇಕಲ್ಲ? ಒಣಗೇ ಐತೆ."

"ಸೀಮೆಎಣ್ಣೆ ಹಾರಿ ಹೋಗ್ತೈತೆ! ನಿನಗೇನ್ ಗೊತ್ತೈತೆ ಇಂಜಿನ್ ವಿಷಯ?"

"ಹಾರೋದು ಒಂದೇ ಬಟ್ಟಲಿಂದನಾ?"

ಇಂಥ ಅವಿವೇಕದ ಪ್ರಶ್ನೆಗೆ ಉತ್ತರ ಕೊಡುವಷ್ಟು ಕೆಳಗೆ ಅವರು ಇಳಿಯಲಿಲ್ಲ. ಮೋಟಾರಿನ ವೈರು ಎಟುಕದೆಂದು ಹೆಡ್ಡನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಮಸೆದರು. ಮರುದಿನ ಮೊದಲ ಬಟ್ಟಲು ತುಂಬಿತ್ತು, ನಾಲ್ಕನೆಯದು ಖಾಲಿ! ರೋಗ ಜಾಗ ಬದಲಿಸಿತ್ತು! ಎಷ್ಟು ಧೈರ್ಯ ಈ ಕಬ್ಬಿಣಕ್ಕೆ! ಅಂದಿನಿಂದ ಅವರು ಎಂಟೂ ಸೀಟುಗಳ ಮೇಲೆ ಸಮರ ಸಾರಿದರು. ಕಾಲುಂಗುರದಂತಿದ್ದ ಗೆರೆ ಕಡಗದಷ್ಟಾಯಿತು. ಬಟ್ಟಲಿನ ತಳಕ್ಕೆ ಸಮನಾಗಿ ಕೂರುತ್ತಿದ್ದ ವಾಲ್ವುಗಳು ಗುಂಡಿಯೊಳಗೆ ಇಳಿದವು. ಇಡೀ ಲೋಕದ ಮೇಲೆ ಅವರಿಗಿದ್ದ ಸಿಟ್ಟಿಗೆ ಒಂದೇ ಸಮಾಧಾನ: ಈಚೆಗೆ ಸ್ನಾನದ ನೀರು ಬೆಳಗಾಗುವಷ್ಟರಲ್ಲಿ ಕುದಿಯುತ್ತಿತ್ತು. ಅವ್ವನ ಕೆಮ್ಮೂ ನಿಂತಿತ್ತು.

ಯುಗಾದಿಯ ದಿನ ಎಣ್ಣೆಸ್ನಾನಕ್ಕೆಂದು ಬೇಗ ಎದ್ದು, ತಲೆಗೆ ಹರಳೆಣ್ಣೆ ಮೆತ್ತಿಕೊಂಡು ಪಂಚಾಕ್ಷರಪ್ಪನವರು ಹಿತ್ತಲಿಗೆ ಬಂದರು. ಅವ್ವ ಜಗಲಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು. ಅದನ್ನು ನಿಧಾನವಾಗಿ, ಭಕ್ತಿಯಿಂದ, ಈಗ ಒಲೆಗೆ ಹತ್ತಿರವಿದ್ದ ಕೊನೆಯ ಬಟ್ಟಲಿಗೆ ಅದ್ದಿದರು. ದಿಂಡು ಸೀಮೆಎಣ್ಣೆಯನ್ನು ಗಟಗಟನೆ ಕುಡಿಯಿತು. ಇನ್ನೊಂದು ದಿಂಡು. ಮತ್ತೊಂದು. ಬಟ್ಟಲು ಖಾಲಿ!

"ಅವ್ವಾ! ಏನ್ ಮಾಡ್ತಿದ್ದೀಯಾ?"

"ಒಲೆ ಹೊತ್ತಿಸಾಕೆ ಕಣಪ್ಪಾ. ದಿನಾ ಮಾಡೋದೇ."

"ಮುಟ್ಟಬ್ಯಾಡ ಅಂದಿರ್ಲಿಲ್ವಾ?"

"ಪೆಟ್ಟಿಗೆ ಮುಟ್ಟಬ್ಯಾಡ ಅಂದೆ, ಮುಟ್ಟಿಲ್ಲ. ಬಟ್ಟಲು ಮುಟ್ಟಬ್ಯಾಡ ಅಂದಿದ್ಯಾ?" ಅವ್ವನ ಕಣ್ಣಲ್ಲಿ ಹೆಮ್ಮೆ ತುಳುಕಿತು. "ನಾ ದಿನಾ ಖಾಲಿ ಮಾಡಿದ್ರೂ ನೀ ಬೇಜಾರಿಲ್ದೆ ತುಂಬ್ಸಿ ಇಡ್ತಿದ್ದೆ. ಕೇರಿಗೆಲ್ಲಾ ಹೇಳೀನಿ, ನನ್ ಮಗ ಹುಟ್ಟಿದ ಮ್ಯಾಲೆ ಮೊದಲ್ನೇ ಸಲ ಮನೆಗೆ ಉಪಯೋಗ ಆಗೋ ಕೆಲಸ ಮಾಡ್ಯಾನೆ ಅಂತ!"

ತಲೆಯಿಂದ ಇಳಿಯುತ್ತಿದ್ದ ಎಣ್ಣೆ ಕಣ್ಣಿಗೆ ಹೋದರೂ ಪಂಚಾಕ್ಷರಪ್ಪನವರು ಒರೆಸಿಕೊಳ್ಳಲಿಲ್ಲ. ಮೊದಲ ದಿನವೇ ಸೀಟು ಪಾಸಾಗಿತ್ತು! ಆಮೇಲಿನದೆಲ್ಲ ಬರೀ ಕಬ್ಬಿಣ ತಿಂದದ್ದು! ವಾಲ್ವುಗಳು ಗುಂಡಿಗಿಳಿದ ಆ ಹೆಡ್ಡು ಇನ್ನು ಇಂಜಿನ್ನಿಗೆ ಬರುತ್ತದೆಯೇ? ಹೆಡ್ಡಿನ ಫೋಟೋ ತೆಗೆದು ಚನ್ನಗಿರಿಗೆ ಕಳಿಸಿದರು. ಪ್ರವೀಣ್ ಕುಮಾರನ ಉತ್ತರ ತಕ್ಷಣ ಬಂತು:

"ಹಬ್ಬದ ಶುಭಾಶಯ ಸಾರ್. ಪಡ್ಡಿನ ಹಂಚು ಚೆನ್ನಾಗೈತೆ. ಹೆಡ್ ಎಲ್ಲೈತೆ?"

ಮಾರನೇ ದಿನ ಹೇಳಿದ ಹೊತ್ತಿಗೆ ಗೋಣೆಪ್ಪ ಬಂದ. ಕಾರನ್ನು ಗಾಡಿಗೆ ಕಟ್ಟಿ, ಜಗಲಿಯ ಮೇಲಿದ್ದ ಹೆಡ್ಡಿಗೂ ಕೈ ಹಾಕಿದ.

"ಅದನ್ನ ಮುಟ್ಟಬ್ಯಾಡ!" ಎಂದು ಅವ್ವ ಗದರಿಸಿದರು. "ಅದು ನಮ್ಮ ನೀರೊಲೆದು."

ಹಾಗೆ ಕಾರು ಹೊನ್ನಾಳಿ ಸೇತುವೆ ದಾಟಿತು, ಗೋಣೆಪ್ಪನ ಹಗ್ಗದ ತುದಿಯಲ್ಲಿ. ಹೆಡ್ಡು ಉಳಿಯಿತು. ಈಗ ದಿನಾ ಸಂಜೆ ಪಂಚಾಕ್ಷರಪ್ಪನವರು ಅದಕ್ಕೆ ಸೀಮೆಎಣ್ಣೆ ತುಂಬಬೇಕು. ಕ್ಯಾನು ಬರಿದಾದರೆ ಊರೂರು ಅಲೆದು ತರಬೇಕು. ಅವರು ತುಂಬುವಾಗ ಒಳಗಿನಿಂದ ಶಿವಲೀಲಾ ಕೇಳುತ್ತಾರೆ:

"ಕೆಳಗಿನ ಪೇಪರ್ ಒಣಗೈತೇನ್ರೀ?"

ಒಣಗಿರುತ್ತದೆ. ಅಷ್ಟು ಮಸೆದ ಸೀಟಿನಿಂದ ಒಂದು ಹನಿಯಾದರೂ ಸೋರುತ್ತದೆಯೇ!