ಗಿಡ್ಡ ಬೇಸ್ ಗಿಟಾರಿನ ಗಿರಾಕಿ

ಬೆಳಗಾವಿಯಲ್ಲಿ ವಾದ್ಯಗಳ ಅಂಗಡಿ ಇಟ್ಟವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ಅವು ಹೊರಗೆ ಚಪ್ಪಲಿ ಬಿಟ್ಟು ತಾವೇ ಒಳಗೆ ಬರುತ್ತವೆ. ನಾವು ಮಾತ್ರ ನಗಬಾರದು. ನಕ್ಕರೆ ಗಿರಾಕಿ ಎದ್ದು ಹೋಗುತ್ತಾನೆ.

ಹೊಸಾದೋ ಹಳೇದೋ

ಹಳೆಯ ಕಾಲದ ಮಾದರಿಯ ಒಂದು ಬೇಸ್ ಗಿಟಾರ್ ತರಿಸಿದ್ದೆ. ಕುತ್ತಿಗೆ ಗಿಡ್ಡ, ಒಡಲು ಅರ್ಧ ಪೊಳ್ಳು, ಎದೆಯ ಮೇಲೆ ಪಿಟೀಲಿಗಿರುವಂಥ ಎರಡು ತೂತು. ಅದನ್ನು ನೋಡಲು ಅನಗೋಳದ ಒಬ್ಬರು ಹೆಂಡತಿಯೊಂದಿಗೆ ಬಂದರು. ಲಗ್ನದ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಬೇಸ್ ಬಾರಿಸಿದವರು. ಭಾರದ ಗಿಟಾರ್ ಹೊತ್ತು ಹೊತ್ತು ಭುಜ ಹಿಡಿದುಕೊಂಡಿತ್ತು. ‘ಖಾನಾಪುರದ ಲಗ್ನದಾಗ ಪೂರಾ ನಿಂತು ಬಾರಿಸಿದ್ರ ಇರು, ಇಲ್ಲಾಂದ್ರ ಬ್ಯಾರೇದವನ್ನ ತಗೋತೀನಿ’ ಎಂದು ಆರ್ಕೆಸ್ಟ್ರಾದ ಮಾಲೀಕ ಹೇಳಿಬಿಟ್ಟಿದ್ದನಂತೆ.

ಹೆಂಡತಿ ಗಿಟಾರಿನ ಮಾಸಲು ಬಣ್ಣ ನೋಡಿದರು. ‘ಅಣ್ಣಾರ, ಹಳೇದು ಬ್ಯಾಡ್ರಿ. ಹೊಸಾದು ತೋರಸ್ರಿ.’

‘ಹೊಸಾದ ಐತ್ರಿ ಅಕ್ಕಾರ. ಹಳೇದರಂಗ ಕಾಣಲಿ ಅಂತ ಹಂಗ ಮಾಡ್ಯಾರ.’

‘ಹೊಸಾ ಸೀರಿ ಹಳೇದರಂಗ ಕಂಡ್ರ ನಿಮ್ಮ ಮನ್ಯಾಗ ಉಟಗೋತಾರೇನ್ರಿ?’

ನಮ್ಮ ಮನೆಯವರನ್ನು ನೆನೆದು, ಗಿಟಾರನ್ನು ಗಂಡನ ಕೈಗೆ ಕೊಟ್ಟೆ.

ಪೊಳ್ಳಿನ ಬೆಲೆ

ಗಂಡ ಅದನ್ನು ಕೊರಳಿಗೆ ಹಾಕಿಕೊಂಡರು. ಹಗುರ. ಕುತ್ತಿಗೆ ಗಿಡ್ಡ ಇದ್ದುದರಿಂದ ಕೈ ದೂರ ಚಾಚಬೇಕಿಲ್ಲ. ದನಿ ಹಳೇ ರೆಕಾರ್ಡುಗಳಲ್ಲಿ ಕೇಳಿದಂತೆ ಗುಂಡಗೆ, ಮೆತ್ತಗೆ. ಕಣ್ಣು ಮುಚ್ಚಿ ಬಾರಿಸತೊಡಗಿದರು. ಇನ್ನು ರೇಟು ಇಳಿಸಬೇಕಿಲ್ಲ ಎಂದು ನನಗೆ ಗೊತ್ತಾಯಿತು. ಹೆಂಡತಿಗೂ ಗೊತ್ತಾಯಿತು.

‘ರೀ, ಮೊದಲ ಕಣ್ಣು ತಗೀರಿ,’ ಎಂದು ಗಂಡನನ್ನು ಗದರಿ ನನ್ನ ಕಡೆ ತಿರುಗಿದರು. ‘ಉದ್ದ ಕಮ್ಮಿ, ಒಳಗ ಪೊಳ್ಳು. ಕಟಗಿ ಉಳಿಸಿ ರೇಟ್ ಏರಿಸೀರಲ್ಲ?’

‘ಪೊಳ್ಳು ಮಾಡಾಕ ಕೆಲಸ ಜಾಸ್ತಿ ಅಕ್ಕಾರ.’

‘ಪೂರಿ ಉಬ್ಬೇತಿ ಅಂತ ಹೋಟೆಲದವ ಹೆಚ್ಚಿಗಿ ಇಸಕೋತಾನೇನ್ರಿ?’

ಬೆಲ್ಟು, ಚೀಲ ಎರಡನ್ನೂ ಪುಕ್ಕಟೆ ಕೊಟ್ಟು ಕಳಿಸಿದೆ.

ಅಕ್ಕಿಕಾಳು

ಖಾನಾಪುರದ ಆ ಲಗ್ನಕ್ಕೆ ನನಗೂ ಕರೆ ಇತ್ತು. ಅವರು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ನಿಂತೇ ಬಾರಿಸಿದರು. ಆದರೆ ಮೈ ತಿರುಗಿಸಿದಾಗಲೆಲ್ಲ ಗಿಟಾರಿನ ಹೊಟ್ಟೆಯಲ್ಲಿ ಗರಗರ ಸದ್ದು. ಮುಗಿದ ಮೇಲೆ ನನ್ನನ್ನು ವೇದಿಕೆಗೆ ಕರೆದು, ‘ಒಳಗ ಸ್ಕ್ರೂ ಬಿಚ್ಚೇತೇನ್ರಿ?’ ಎಂದರು. ಮಾಲು ವಾಪಸ್ ಬಂತು ಅಂದುಕೊಂಡೆ.

ಬಾಜೂಕ ನಿಂತಿದ್ದ ಹೆಂಡತಿ ನಿಧಾನವಾಗಿ ಹೇಳಿದರು: ‘ಮೊದಲನೇ ಕಾರ್ಯಕ್ರಮ ಅಂತ ಮುಂಜಾನೆ ಪೂಜಾ ಮಾಡಿ ಅಕ್ಕಿಕಾಳು ಹಾಕೇನಿ. ತೂತಿನ್ಯಾಗೂ ಎರಡು ಹಿಡಿ ಬಿಟ್ಟೇನಿ. ದೇವರಿಗೆ ಒಳಗ, ಹೊರಗ ಅಂತ ಐತೇನು?’

ಗಂಡ ವೇದಿಕೆಯ ಅಂಚಿಗೆ ಹೋಗಿ, ಗಿಟಾರನ್ನು ಬೋರಲು ಹಿಡಿದು, ಎರಡೂ ಕೈ ಮುಂದೆ ಚಾಚಿ, ಜರಡಿ ಹಿಡಿದಂತೆ ಅಲುಗಾಡಿಸಿದರು. ಕೆಳಗೆ ಆರ್ಕೆಸ್ಟ್ರಾದ ಮಾಲೀಕ ವಾಯರು ಸುತ್ತುತ್ತ ಕೂತಿದ್ದ. ಅರಿಶಿಣದ ಅಕ್ಷತೆ ಅಷ್ಟೂ ಅವನ ತಲೆಯ ಮೇಲೆ ಸುರಿಯಿತು.

ಅವನು ತಲೆ ಎತ್ತಿ ಚಾಚಿದ ಕೈಗಳನ್ನು ನೋಡಿದ. ಕೂದಲಿನಿಂದ ಒಂದು ಕಾಳು ಹೆಕ್ಕಿ ಅದನ್ನೂ ನೋಡಿದ.

‘ಭುಜಾ ಛಲೋ ಆಗೇತಿ,’ ಎಂದ. ‘ಆಗಿರಲಿಲ್ಲ ಅಂದ್ರೂ, ತಲಿ ಮ್ಯಾಲ ಅಕ್ಕಿಕಾಳು ಬಿದ್ದಾವು. ಇನ್ನ ನಿನ್ನ ಹೆಂಗ ಬಿಡಾಕ ಬರತೈತಿ?’